ನೆರಳು ಮತ್ತು ಗಡಿಯಾರ: ರಾಜಾಬಾಯಿ ಗೋಪುರವನ್ನು ಕೆಳಗಿನಿಂದ ನೋಡಿದಾಗ

1

ಮುಂಬಯಿಯ ಕೋಟೆ ಭಾಗದಲ್ಲಿ, ಹೈಕೋರ್ಟಿನ ಪಕ್ಕದಲ್ಲಿ, ಓವಲ್ ಮೈದಾನದ ಅಂಚಿಗೆ ನಿಂತಿರುವ ರಾಜಾಬಾಯಿ ಗೋಪುರದ ಚರಿತ್ರೆಯನ್ನು ಯಾರು ಬರೆದರೂ ಹೆಚ್ಚುಕಡಿಮೆ ಒಂದೇ ರೀತಿ ಬರೆಯುತ್ತಾರೆ. ಅದರ ನಕ್ಷೆ ಬರೆದವನು ಇಂಗ್ಲೆಂಡಿನ ಜಾರ್ಜ್ ಗಿಲ್ಬರ್ಟ್ ಸ್ಕಾಟ್. ಆತ ಇಂಡಿಯಾಕ್ಕೆ ಒಮ್ಮೆಯೂ ಕಾಲಿಟ್ಟವನಲ್ಲ. ಹಣ ಕೊಟ್ಟವನು ಹತ್ತಿ ವ್ಯಾಪಾರಿ ಪ್ರೇಮ್‌ಚಂದ್ ರಾಯ್‌ಚಂದ್. ಅಡಿಗಲ್ಲು ಬಿದ್ದದ್ದು 1869ರ ಮಾರ್ಚ್ 1ರಂದು, ಕೆಲಸ ಮುಗಿದದ್ದು 1878ರ ನವೆಂಬರಿನಲ್ಲಿ. ಎತ್ತರ 280 ಅಡಿ, ಖರ್ಚು ಸುಮಾರು ಐದೂವರೆ ಲಕ್ಷ ರೂಪಾಯಿ, ಕಲ್ಲು ಕುರ್ಲಾದ್ದು, ಶೈಲಿ ಗೋಥಿಕ್. ಬ್ರಿಟಿಷರ ಕಾಲದಲ್ಲಿ ಅದರ ಗಂಟೆಗಳು ‘ರೂಲ್ ಬ್ರಿಟಾನಿಯಾ’, ‘ಗಾಡ್ ಸೇವ್ ದ ಕಿಂಗ್’ ನುಡಿಸುತ್ತಿದ್ದವು. 2018ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಮುಂಬಯಿಯ ಕಟ್ಟಡ ಸಮೂಹದಲ್ಲಿ ಇದೂ ಒಂದು.

ಇದರಲ್ಲಿ ಒಂದಕ್ಷರವೂ ಸುಳ್ಳಿಲ್ಲ. ಆದರೆ ಇದು ಗೋಪುರದ ಚರಿತ್ರೆಯೇ ಹೊರತು ಗಡಿಯಾರದ ಚರಿತ್ರೆಯಲ್ಲ. ಒಂದು ಊರಿನ ನಡುವೆ ಅಷ್ಟೆತ್ತರಕ್ಕೆ ಗಡಿಯಾರ ಕೂರಿಸುವುದೆಂದರೆ ಇನ್ನು ಮುಂದೆ ಹೊತ್ತು ಯಾರದು, ಅದನ್ನು ಅಳೆಯುವವರು ಯಾರು ಎಂದು ತೀರ್ಮಾನ ಮಾಡಿದಂತೆ. ಹಾಗಾದರೆ ಅದಕ್ಕೂ ಮುಂಚೆ ಹೊತ್ತು ಯಾರದಾಗಿತ್ತು? ಅದನ್ನು ಯಾರ ಮೈಮೇಲೆ ಅಳೀತಿದ್ದರು? ದಲಿತ ವಿಮರ್ಶೆ ಇಂಥ ಕಟ್ಟಡಗಳನ್ನು ನೋಡಬೇಕಾದ್ದು ಈ ಪ್ರಶ್ನೆ ಹಿಡಿದುಕೊಂಡು ಎಂದು ನಾನು ಭಾವಿಸಿದ್ದೇನೆ.

ವಸಾಹತುಶಾಹಿಯ ಗಡಿಯಾರದ ಬಗ್ಗೆ ನಮ್ಮಲ್ಲಿ ಎರಡು ಸಿದ್ಧ ಮಾತುಗಳಿವೆ. ಒಂದು, ಬ್ರಿಟಿಷರು ಬಂದರು, ಬಿಡುಗಡೆ ತಂದರು ಅನ್ನೋದು. ಇನ್ನೊಂದು ಎಡಪಂಥೀಯ ಗೆಳೆಯರದು. ಇಂಗ್ಲೆಂಡಿನ ಇತಿಹಾಸಕಾರ ಇ.ಪಿ. ಥಾಮ್ಸನ್ 1967ರಲ್ಲಿ ಗಡಿಯಾರ ಮತ್ತು ದುಡಿಮೆಯ ಶಿಸ್ತಿನ ಬಗ್ಗೆ ಬರೆದ ಪ್ರಸಿದ್ಧ ಲೇಖನವಿದೆ. ಅದನ್ನು ಓದಿಕೊಂಡ ನಮ್ಮವರು, ಸೂರ್ಯ ಚಂದ್ರ ಮಳೆ ಬೆಳೆಗಳ ಲಯದಲ್ಲಿ ಬದುಕುತ್ತಿದ್ದ ಹಳ್ಳಿಗನನ್ನು ಬಂಡವಾಳಶಾಹಿಯ ಗಡಿಯಾರ ಗುಲಾಮನನ್ನಾಗಿ ಮಾಡಿತು ಎನ್ನುತ್ತಾರೆ. ಎರಡರಲ್ಲೂ ಅರ್ಧ ನಿಜವಿದೆ. ಎರಡಕ್ಕೂ ಕಾಣದೆ ಹೋದದ್ದು ಮಾತ್ರ ಒಂದೇ: ಗಡಿಯಾರಕ್ಕಿಂತ ಮುಂಚೆಯೇ ನಮ್ಮವರ ಮೈಯ ಮೇಲೆ ಒಂದು ಗಡಿಯಾರ ಇತ್ತು.

2

ಆ ಗಡಿಯಾರದ ಹೆಸರು ನೆರಳು.

ಪೇಶ್ವೆಗಳ ಪುಣೆಯಲ್ಲಿ ಮಹಾರರು, ಮಾಂಗರು ಬೆಳಿಗ್ಗೆ ಒಂಬತ್ತು ಗಂಟೆಗೆ ಮೊದಲು ಮತ್ತು ಮಧ್ಯಾಹ್ನ ಮೂರರ ನಂತರ ಊರ ಬಾಗಿಲೊಳಗೆ ಇರುವಂತಿರಲಿಲ್ಲ ಎಂದು ಸಮಾಜಶಾಸ್ತ್ರಜ್ಞ ಘುರ್ಯೆ ದಾಖಲಿಸಿದ್ದಾರೆ. ಕಾರಣ ಸರಳ. ಆ ಹೊತ್ತಿನಲ್ಲಿ ನೆರಳು ಉದ್ದವಾಗಿ ಬೀಳುತ್ತದೆ. ಉದ್ದ ನೆರಳು ಬ್ರಾಹ್ಮಣನ ಮೈಗೆ ತಾಗೀತು. ಕುತ್ತಿಗೆಗೆ ಕಟ್ಟಿದ ಮಡಕೆ, ಸೊಂಟಕ್ಕೆ ಕಟ್ಟಿದ ಪೊರಕೆಯ ಬಗ್ಗೆ ನಾವು ಬಹಳ ಮಾತಾಡಿದ್ದೇವೆ. ಬಾಬಾಸಾಹೇಬರು ‘ಜಾತಿ ವಿನಾಶ’ದಲ್ಲಿ ಅದನ್ನು ಎತ್ತಿ ತೋರಿಸಿದ ಮೇಲೆ ಅದು ನಮ್ಮ ನೆನಪಿನಲ್ಲಿ ನಿಂತಿದೆ. ನೆರಳಿನ ಈ ಲೆಕ್ಕದ ಬಗ್ಗೆ ಅಷ್ಟು ಮಾತಾಡಿಲ್ಲ. ಮಡಕೆ ಮತ್ತು ಪೊರಕೆ ಜಾಗವನ್ನು ಕಾಯುತ್ತಿದ್ದವು. ನೆರಳು ಹೊತ್ತನ್ನು ಕಾಯುತ್ತಿತ್ತು. ಮನುಷ್ಯನೇ ಕಂಬವಾಗಿ ನಿಂತು ತನ್ನ ನೆರಳಿನಿಂದಲೇ ತನ್ನ ಬಹಿಷ್ಕಾರದ ಗಳಿಗೆಯನ್ನು ತೋರಿಸಬೇಕಾಗಿತ್ತು.

ಹಾಗಾದರೆ ಸೂರ್ಯನ ಲಯ, ನಿಸರ್ಗದ ಲಯ ಎಂದು ಹಂಬಲಿಸುವವರು ಯಾವ ಸೂರ್ಯನ ಬಗ್ಗೆ ಮಾತಾಡುತ್ತಿದ್ದಾರೆ? ಪುಣೆಯ ಮಹಾರನಿಗೆ ಬೆಳಗಿನ ಎಳೆಬಿಸಿಲೂ ಇರಲಿಲ್ಲ, ಸಂಜೆಯ ಹೊಂಬಿಸಿಲೂ ಇರಲಿಲ್ಲ. ಊರೊಳಗೆ ಅವನ ಪಾಲಿಗೆ ಬಿಟ್ಟದ್ದು ನೆತ್ತಿ ಸುಡುವ ನಡುಹಗಲು ಮಾತ್ರ.

ಊರೊಳಗಿನ ಹೊತ್ತು ಹೀಗೆ ಕುಗ್ಗಿದರೆ ಚಾಕರಿಯ ಹೊತ್ತಿಗೆ ಕೊನೆಯೇ ಇರಲಿಲ್ಲ. ಹಳ್ಳಿಗಳಲ್ಲಿ ಮಹಾರ ವತನದ ಪದ್ಧತಿ ಇತ್ತಲ್ಲ, ಅದರಲ್ಲಿ ಸರ್ಕಾರಿ ಓಲೆ ಒಯ್ಯುವುದರಿಂದ ಹಿಡಿದು ಊರಿಗೆ ಬಂದ ಅಧಿಕಾರಿಯ ಸಾಮಾನು ಹೊರುವವರೆಗೆ ಯಾವ ಕೆಲಸಕ್ಕೂ ಹೊತ್ತೆಂಬುದಿಲ್ಲ. ಕರೆದಾಗ ಓಡಬೇಕು, ಹಗಲಾಗಲಿ ರಾತ್ರಿಯಾಗಲಿ. ಅವನು ಇಲ್ಲದಿದ್ದರೆ ಮನೆಯ ಇನ್ನೊಬ್ಬರು ಓಡಬೇಕು. ಬ್ರಿಟಿಷರು ಇದನ್ನು ಅಳಿಸಲಿಲ್ಲ. 1874ರ ವಂಶಪಾರಂಪರ್ಯ ಹುದ್ದೆಗಳ ಕಾಯಿದೆಯಿಂದ ಅದಕ್ಕೆ ಮೊಹರು ಒತ್ತಿದರು. ಇಸವಿ ಗಮನಿಸಿ. ಅತ್ತ ಗೋಪುರ ಮೇಲೇರುತ್ತಿದೆ, ಇತ್ತ ಹೊತ್ತುಗೊತ್ತಿಲ್ಲದ ಬಿಟ್ಟಿ ಚಾಕರಿಗೆ ಕಾನೂನಿನ ಕಟ್ಟು ಬೀಳುತ್ತಿದೆ. ಅದೇ ಮುಂಬಯಿ ಸರ್ಕಾರ, ಅದೇ ವರ್ಷಗಳು. ಬೆಳಗಾವಿ, ವಿಜಾಪುರ, ಧಾರವಾಡ ಆಗ ಆ ಸರ್ಕಾರದ ಕೆಳಗೇ ಇದ್ದುದರಿಂದ ಇದು ಬೇರೆ ನಾಡಿನ ಕಥೆಯೆಂದು ನಾವು ಪಕ್ಕಕ್ಕಿಡುವ ಹಾಗಿಲ್ಲ. 1928ರಲ್ಲಿ ಅಂಬೇಡ್ಕರರು ಮುಂಬಯಿಯ ಶಾಸನ ಸಭೆಯಲ್ಲಿ ತಿದ್ದುಪಡಿ ಮಸೂದೆ ತಂದದ್ದು ಇದೇ ಕಾಯಿದೆಗೆ.

3

ಗೋಪುರದ ಹಣ ಎಲ್ಲಿಂದ ಬಂತು? ಪ್ರೇಮ್‌ಚಂದ್ ರಾಯ್‌ಚಂದರ ಔದಾರ್ಯದಿಂದ ಎಂದು ಚರಿತ್ರೆ ಹೇಳುತ್ತದೆ. ಆ ಔದಾರ್ಯ ಎಲ್ಲಿಂದ ಬಂತು?

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯಿತು. ತೆಂಕಣ ಅಮೆರಿಕದ ಬಂದರುಗಳು ಮುಚ್ಚಿಹೋಗಿ ಲ್ಯಾಂಕಾಶೈರಿನ ಗಿರಣಿಗಳಿಗೆ ಹತ್ತಿ ಸಿಗದಾಯಿತು. ಆಗ ಇಂಗ್ಲೆಂಡು ತಿರುಗಿದ್ದು ಮುಂಬಯಿಯ ಕಡೆಗೆ. ಹತ್ತಿಯ ಧಾರಣೆ ಹುಚ್ಚೆದ್ದು ಏರಿತು. ಗುಜರಾತ, ಬೇರಾರ್, ಖಾನದೇಶದ ಹತ್ತಿಯ ಜೊತೆಗೆ ನಮ್ಮ ಧಾರವಾಡ ಸೀಮೆಯ ಹತ್ತಿಯೂ ಬಂಡಿಗಳಲ್ಲಿ ಘಟ್ಟ ಇಳಿದು, ಕುಮಟಾ ಬಂದರಿನಿಂದ ಮುಂಬಯಿಗೆ ಹೋಯಿತು. ಈ ಹುಚ್ಚು ಸಂಪತ್ತಿನ ನಡುವೆಯೇ, 1864ರಲ್ಲಿ, ಪ್ರೇಮ್‌ಚಂದ್ ಮುಂಬಯಿ ವಿಶ್ವವಿದ್ಯಾಲಯಕ್ಕೆ ಗ್ರಂಥಾಲಯಕ್ಕೆಂದು ಎರಡು ಲಕ್ಷ, ತಾಯಿ ರಾಜಾಬಾಯಿಯ ಹೆಸರಿನ ಗಡಿಯಾರ ಗೋಪುರಕ್ಕೆಂದು ಮತ್ತೆರಡು ಲಕ್ಷ ಕೊಟ್ಟರು. ಮರುವರ್ಷ ಯುದ್ಧ ಮುಗಿಯಿತು, ಧಾರಣೆ ಕುಸಿಯಿತು, ಬ್ಯಾಂಕುಗಳು ಮುಳುಗಿದವು, ಪ್ರೇಮ್‌ಚಂದರೂ ನೆಲಕಚ್ಚಿದರು. ಕೊಟ್ಟ ಹಣ ಮಾತ್ರ ಗೋಪುರವಾಗಿ ನಿಂತಿತು.

ಇಷ್ಟು ಎಲ್ಲರಿಗೂ ಗೊತ್ತಿದ್ದದ್ದೇ. ಆದರೆ ಆ ಯುದ್ಧ ಯಾತಕ್ಕಾಗಿ ನಡೆಯಿತು? ಗುಲಾಮಗಿರಿಯ ಪ್ರಶ್ನೆಗಾಗಿ. ಮುಂಬಯಿಗೆ ಬಂದ ಸುದ್ದಿ ಹತ್ತಿಯ ಧಾರಣೆಯದು. ಪುಣೆಯಲ್ಲಿ ಕೂತ ಒಬ್ಬ ಮಾಳಿ ಮನುಷ್ಯನಿಗೆ ಅದೇ ಯುದ್ಧದಿಂದ ಬೇರೊಂದು ಸುದ್ದಿ ಬಂತು: ಕರಿಯರ ಸಂಕೋಲೆ ಕಡಿಯಿತು ಎಂಬುದು. 1873ರಲ್ಲಿ, ಗೋಪುರದ ಕಲ್ಲುಗಳು ಒಂದರ ಮೇಲೊಂದು ಏರುತ್ತಿದ್ದಾಗ, ಜೋತಿಬಾ ಫುಲೆ ‘ಗುಲಾಮಗಿರಿ’ ಪ್ರಕಟಿಸಿ, ಗುಲಾಮಗಿರಿ ಅಳಿಸಲು ಹೋರಾಡಿದ ಅಮೆರಿಕದ ಜನರಿಗೆ ಅದನ್ನು ಅರ್ಪಿಸಿದರು. ಅದೇ ವರ್ಷ ಸೆಪ್ಟೆಂಬರ್ 24ರಂದು ಸತ್ಯಶೋಧಕ ಸಮಾಜ ಹುಟ್ಟಿತು. ಒಂದೇ ಯುದ್ಧ ಪಶ್ಚಿಮ ಇಂಡಿಯಾಕ್ಕೆ ಎರಡು ಸ್ಮಾರಕಗಳನ್ನು ಕೊಟ್ಟಿತು ಎನ್ನಬಹುದು. ಕಲ್ಲಿನದು ಮುಂಬಯಿಯಲ್ಲಿದೆ. ಇನ್ನೊಂದು ಕಾಗದದ್ದು. ಪರಂಪರೆಯ ಪಟ್ಟಿಗೆ ಸೇರಿದ್ದು ಯಾವುದು ಎಂದು ಹೇಳಬೇಕಾಗಿಲ್ಲ.

4

ರಾಜಾಬಾಯಿಯ ಬಗ್ಗೆ ಮುಂಬಯಿಯಲ್ಲಿ ಒಂದು ಕಥೆ ಪ್ರಚಾರದಲ್ಲಿದೆ. ಆಕೆ ಕಣ್ಣಿಲ್ಲದ ಮುದುಕಿ, ಕಟ್ಟುನಿಟ್ಟಾದ ಜೈನಳು, ಹೊತ್ತು ಮುಳುಗಿದ ಮೇಲೆ ಉಣ್ಣುವಂತಿಲ್ಲ. ಯಾರನ್ನೂ ಕೇಳದೆ ಸಂಜೆಯಾಯಿತೆಂದು ತಿಳಿಯಲು ಗಂಟೆಯ ಸದ್ದು ಆಕೆಗೆ ಆಸರೆಯಾಯಿತಂತೆ. ಇದು ನಡೆದದ್ದೋ ಕಟ್ಟಿದ್ದೋ, ಕಥೆ ಚೆನ್ನಾಗಿದೆ. ಮಗನ ಪ್ರೀತಿಯನ್ನು ಗೇಲಿ ಮಾಡುವ ಉದ್ದೇಶ ನನಗಿಲ್ಲ. ಕಣ್ಣಿಲ್ಲದ ಹೆಂಗಸೊಬ್ಬಳು ಇನ್ನೊಬ್ಬರ ಹಂಗಿಲ್ಲದೆ ಹೊತ್ತು ತಿಳಿಯಬೇಕೆನ್ನುವುದು ದೊಡ್ಡ ಆಸೆಯೇ.

ಆದರೆ ಅದೇ ಊರಿನ ಪರಳ, ಚಿಂಚಪೋಕಳಿಗಳಲ್ಲಿ ಆ ಹೊತ್ತಿಗೆ ಇನ್ನೊಂದು ಸೂರ್ಯಾಸ್ತವಿತ್ತು. 1850ರ ದಶಕದಲ್ಲಿ ಮೊದಲ ಹತ್ತಿಗಿರಣಿ ಬಂದ ಮೇಲೆ ದುಡಿಮೆ ಶುರುವಾಗುತ್ತಿದ್ದುದು ಬೆಳಕು ಹರಿದಾಗ, ನಿಲ್ಲುತ್ತಿದ್ದುದು ಬೆಳಕು ಹೋದಾಗ. ಚಳಿಗಾಲದಲ್ಲಿ ಹತ್ತು ಗಂಟೆ, ಬೇಸಿಗೆಯಲ್ಲಿ ಹದಿಮೂರು ಹದಿನಾಲ್ಕು ಗಂಟೆ. 1881ರ ಮೊದಲ ಫ್ಯಾಕ್ಟರಿ ಕಾಯಿದೆ ಏಳು ವರ್ಷ ತುಂಬದ ಮಕ್ಕಳನ್ನು ದುಡಿಸಬಾರದು, ಏಳರಿಂದ ಹನ್ನೆರಡರವರನ್ನು ಒಂಬತ್ತು ಗಂಟೆಗಿಂತ ಹೆಚ್ಚು ದುಡಿಸಬಾರದು ಎಂದಿತು. ದೊಡ್ಡವರ ಹೊತ್ತಿನ ಬಗ್ಗೆ ಅದು ಬಾಯಿ ಬಿಡಲಿಲ್ಲ.

ಆ ಬಾಯಿ ಬಿಡಿಸಿದವರು ನಾರಾಯಣ ಮೇಘಾಜಿ ಲೋಖಂಡೆ. ಫುಲೆಯವರ ಸಂಗಾತಿ, ಸತ್ಯಶೋಧಕ, ‘ದೀನಬಂಧು’ ಪತ್ರಿಕೆಯ ಸಂಪಾದಕ. 1884ರ ಸೆಪ್ಟೆಂಬರಿನಲ್ಲಿ ಅವರು ಗಿರಣಿಯವರನ್ನು ಸೇರಿಸಿ ಸಭೆ ಮಾಡಿ, ಸುಮಾರು 5,500 ಜನರ ಸಹಿ, ಹೆಬ್ಬೆಟ್ಟುಗಳಿರುವ ಅರ್ಜಿ ಸಿದ್ಧಪಡಿಸಿದರು. ವಾರಕ್ಕೊಂದು ದಿನ ರಜೆ ಬೇಕು. ನಡುಹಗಲಲ್ಲಿ ಅರ್ಧ ಗಂಟೆ ಬಿಡುವು ಬೇಕು. ಬೆಳಿಗ್ಗೆ ಆರೂವರೆಗೆ ಶುರುವಾಗಿ ಸೂರ್ಯ ಮುಳುಗುವಾಗ ಕೆಲಸ ನಿಲ್ಲಬೇಕು. ಹಿಂದಿನ ತಿಂಗಳ ಕೂಲಿ ಈ ತಿಂಗಳ 15ರೊಳಗೆ ಕೈಗೆ ಬರಬೇಕು. ಇವತ್ತು ಇವನ್ನು ಓದಿದರೆ ‘ಇಷ್ಟೇನಾ?’ ಅನ್ನಿಸುತ್ತದೆ. ಆದರೆ ಅಕ್ಷರ ಬಾರದ ಜನ ಮೊದಲ ಬಾರಿ ‘ಆರೂವರೆ’ ಎಂಬ ಮಾತನ್ನು ಧಣಿಯ ಮುಂದೆ ಇಟ್ಟಿದ್ದರು. ಹೊತ್ತಿಗೊಂದು ಅಂಚು ಇರಬೇಕು ಎಂದು ಕೇಳಿದ್ದರು. ವತನದ ಮಹಾರನಿಗೆ ಇಂಥ ಅಂಚು ಯಾವತ್ತೂ ಇರಲಿಲ್ಲ.

1890ರ ಏಪ್ರಿಲ್ 24ರಂದು ಮಹಾಲಕ್ಷ್ಮಿಯ ಮೈದಾನದಲ್ಲಿ ಸುಮಾರು ಹತ್ತು ಸಾವಿರ ಜನ ಸೇರಿದರು. ಇಬ್ಬರು ಹೆಣ್ಣುಮಕ್ಕಳೂ ಎದ್ದು ಮಾತಾಡಿದರು. ಅದೇ ಜೂನ್ 10ರಂದು ಗಿರಣಿ ಮಾಲೀಕರ ಸಂಘ ಭಾನುವಾರದ ರಜೆಗೆ ಒಪ್ಪಿತು. ಭಾನುವಾರ ನಮಗೆ ಪಾದ್ರಿಗಳು ಕೊಟ್ಟ ದಾನ ಎಂದು ತಿಳಿದವರಿದ್ದಾರೆ. ಗಿರಣಿಯವನಿಗೆ ಅದು ಸತ್ಯಶೋಧಕರು ಆರು ವರ್ಷ ಜಗ್ಗಾಡಿ ತಂದ ದಿನ.

5

ಗೋಪುರದ ಮೈಮೇಲೆ ಇನ್ನೊಂದು ಸಂಗತಿ ಇದೆ. ಪ್ರವಾಸಿಗಳಿಗೆ ಅದು ಶಿಲ್ಪದ ಚಂದ. ನಮಗೆ ಹಾಗೆ ಕಾಣಲಾರದು. ಪಶ್ಚಿಮ ಇಂಡಿಯಾದ ಜಾತಿ ಸಮುದಾಯಗಳನ್ನು ಪ್ರತಿನಿಧಿಸುವ 24 ಕಲ್ಲಿನ ಪ್ರತಿಮೆಗಳನ್ನು ಅದರ ಮೇಲೆ ನಿಲ್ಲಿಸಿದ್ದಾರೆ. ಅವುಗಳ ಮಾದರಿ ತಯಾರಿಸಿದವರು ರಾವ್ ಬಹಾದ್ದೂರ್ ಮುಕುಂದ ರಾಮಚಂದ್ರ ಎಂಬ ಎಂಜಿನಿಯರ್. ಪೇಟ, ಪಗಡಿ, ಉಡುಪಿನ ಧಾಟಿ, ನಿಂತ ಭಂಗಿಯಿಂದಲೇ ಇವ ಇಂಥವ ಎಂದು ಗುರುತು ಹಿಡಿಯಬೇಕು.

ಮೇಲೆ ನಾಲ್ಕು ದಿಕ್ಕಿಗೂ ಒಂದೇ ಹೊತ್ತು ತೋರಿಸುವ ಗಡಿಯಾರ, ಅದರ ಸುತ್ತ ಜಾತಿ ಜಾತಿಯಾಗಿ ವಿಂಗಡಿಸಿ ನಿಲ್ಲಿಸಿದ ಮನುಷ್ಯರು: ಬ್ರಿಟಿಷ್ ಆಳ್ವಿಕೆಯನ್ನು ಇದಕ್ಕಿಂತ ಚೆನ್ನಾಗಿ ತೋರಿಸುವ ಚಿತ್ರ ನನಗೆ ಬೇರೆ ಸಿಕ್ಕಿಲ್ಲ. ಗೋಪುರ ಕಟ್ಟುತ್ತಿದ್ದಾಗಲೇ, 1872ರ ಸುಮಾರಿಗೆ, ಮೊದಲ ಜನಗಣತಿ ನಡೆಯಿತು. ಮುಗಿದ ಮೂರು ವರ್ಷಕ್ಕೆ, 1881ರಲ್ಲಿ, ಇಡೀ ದೇಶದಲ್ಲಿ ಏಕಕಾಲಕ್ಕೆ ನಡೆದ ಜನಗಣತಿ ಬಂತು. ಗಂಟೆಗಳನ್ನು ಎಣಿಸಿದ ಸರ್ಕಾರ ಜಾತಿಗಳನ್ನೂ ಎಣಿಸಿತು. ಎಣಿಕೆ ಬಂದ ಮೇಲೆ ನಾವೆಷ್ಟು ಜನ ಎಂದು ನಮಗೂ ಗೊತ್ತಾಯಿತು, ಆ ಸಂಖ್ಯೆಯಿಂದಲೇ ಮುಂದೆ ಪ್ರಾತಿನಿಧ್ಯದ ಮಾತು ಹುಟ್ಟಿತು ಎಂಬುದೂ ನಿಜ. ಆದರೆ ಬ್ರಿಟಿಷರು ಜಾತಿಯನ್ನು ಒಡೆಯಲು ಬಂದವರಲ್ಲ. ಅವರದನ್ನು ಅಂದವಾಗಿ ಕೆತ್ತಿ ಗೋಡೆಗೆ ಹಚ್ಚಿದರು. ‘ಬ್ರಿಟಿಷರೇ ಬಿಡುಗಡೆ ಕೊಟ್ಟರು’ ಎನ್ನುವ ನಮ್ಮ ಗೆಳೆಯರು ಒಮ್ಮೆ ತಲೆಯೆತ್ತಿ ಆ ಪ್ರತಿಮೆಗಳನ್ನು ನೋಡಬೇಕು.

6

ಇನ್ನು ‘ಮುಂಬಯಿ ಟೈಮ್’ನ ಜಗಳ. ಆಗ ಒಂದೊಂದು ಊರಿಗೆ ಒಂದೊಂದು ಹೊತ್ತು. ರೈಲುಗಳು ಮದ್ರಾಸ್ ಟೈಮಿನಲ್ಲಿ ಓಡುತ್ತಿದ್ದವು. ಅದು ಮುಂಬಯಿಯ ಹೊತ್ತಿಗಿಂತ ಅರ್ಧ ಗಂಟೆಯಷ್ಟು ಮುಂದೆ. 1881ರಲ್ಲಿ ಗವರ್ನರ್ ಜೇಮ್ಸ್ ಫರ್ಗ್ಯುಸನ್ ಸರ್ಕಾರಿ ಕಚೇರಿಗಳೆಲ್ಲ ಮದ್ರಾಸ್ ಟೈಮ್ ಅನುಸರಿಸಬೇಕೆಂದು ಆಜ್ಞೆ ಮಾಡಿದ. ಮುಂಬಯಿಯ ಗಣ್ಯರು ಸಿಡಿದೆದ್ದರು. ವಿಶ್ವವಿದ್ಯಾಲಯ ತನ್ನ ಗೋಪುರದಲ್ಲಿ ಮುಂಬಯಿ ಟೈಮನ್ನೇ ಇಟ್ಟುಕೊಂಡಿತು. ಹಾಗಾದರೆ ಆ ಗಡಿಯಾರಕ್ಕೆ ರಾತ್ರಿ ದೀಪ ಹಚ್ಚುವ ಖರ್ಚು ಕೊಡೆವು ಎಂದು ಸರ್ಕಾರ ತಕರಾರು ತೆಗೆಯಿತು. ಕೊನೆಗೆ ಸರ್ಕಾರವೇ ಹಿಂದೆ ಸರಿಯಿತು.

1906ರ ಜನವರಿ 1ರಿಂದ ಇಡೀ ದೇಶಕ್ಕೊಂದು ಹೊತ್ತು ಬಂದಾಗ ಜಗಳ ಮತ್ತೆ ಎದ್ದಿತು. ಹೊಸ ಹೊತ್ತು ಮುಂಬಯಿಯದಕ್ಕಿಂತ 39 ನಿಮಿಷ ಮುಂದೆ. ನಗರಸಭೆ ಬಹಳ ಕಾಲ, ಸ್ವಾತಂತ್ರ್ಯ ಬಂದ ಮೇಲೂ, ಹಳೆಯ ಹೊತ್ತನ್ನೇ ಹಿಡಿದುಕೊಂಡಿತ್ತು. ಇದನ್ನು ರಾಷ್ಟ್ರೀಯತೆಯ ಅಧ್ಯಾಯವಾಗಿ, ಮುಂಬಯಿಯ ಸ್ವಾಭಿಮಾನದ ಕಥೆಯಾಗಿ ಹೇಳುವುದು ರೂಢಿ. ಇದೇ ಜನವರಿಯ ಮೊದಲ ವಾರದಲ್ಲಿ ಗಿರಣಿ ಕೆಲಸಗಾರರು ಸಾವಿರಾರು ಸಂಖ್ಯೆಯಲ್ಲಿ ಕೆಲಸ ಬಿಟ್ಟು ಹೊರಬಂದು ಗಿರಣಿಗೆ ಕಲ್ಲು ಬೀರಿದರು, ಗಡಿಯಾರ ಒಡೆದರು. ರೂಢಿಯ ಕಥೆಯಲ್ಲಿ ಈ ಕಲ್ಲುಗಳೂ ಸ್ವಾಭಿಮಾನದ ಲೆಕ್ಕಕ್ಕೆ ಜಮೆಯಾಗುತ್ತವೆ.

ನನಗೆ ಹಾಗನ್ನಿಸುವುದಿಲ್ಲ. ಆ ಹೊತ್ತಿಗೆ ಗಿರಣಿಗಳಿಗೆ ವಿದ್ಯುದ್ದೀಪ ಬಂದಿತ್ತು. ದೀಪ ಬಂತು ಅಂದರೆ ಸೂರ್ಯಾಸ್ತ ಹೋಯಿತು. ಲೋಖಂಡೆಯವರು ಕೇಳಿದ್ದ ಅಂಚೇ ಅಳಿಸಿಹೋಗಿ ದುಡಿಮೆ ದಿನಕ್ಕೆ ಹದಿನಾಲ್ಕು ಹದಿನೈದು ಗಂಟೆಗೆ ಮುಟ್ಟಿತ್ತು. ಹಾಗಿರುವಾಗ ಗಡಿಯಾರದ ಮುಳ್ಳನ್ನು 39 ನಿಮಿಷ ಮುಂದೆ ತಳ್ಳಿದರೆ ಗಣ್ಯರಿಗೆ ಹೋಗುವುದು ಮರ್ಯಾದೆ. ಚಾಳಿನ ಹೆಂಗಸಿಗೆ ಹೋಗುವುದು 39 ನಿಮಿಷದ ನಿದ್ದೆ. ಕತ್ತಲಲ್ಲೇ ಎದ್ದು ರೊಟ್ಟಿ ಬಡಿಯಬೇಕಾದವಳು ಅವಳು. ಸೆನೆಟ್ಟಿನಲ್ಲಿ ನಡೆದ ಜಗಳ ಯಾವ ಊರಿನ ಹೊತ್ತು ಎಂಬುದರ ಬಗ್ಗೆ. ಗಿರಣಿಯ ಬಾಗಿಲಲ್ಲಿ ನಡೆದದ್ದು ಯಾರ ಹೊತ್ತು ಎಂಬುದರ ಬಗ್ಗೆ. ಎರಡನ್ನೂ ಒಂದೇ ಪದದಲ್ಲಿ ಕಟ್ಟಿಹಾಕಬಾರದು.

7

ಇಲ್ಲಿ ಎಡಪಂಥೀಯ ಗೆಳೆಯರು ತಲೆಯಾಡಿಸಬಹುದು. ನೋಡಿ, ಕೊನೆಗೆ ಇದು ವರ್ಗದ ಪ್ರಶ್ನೆ. ಭೋಂಗಾ ಕೂಗಿದರೆ ಮರಾಠನೂ ಮಹಾರನೂ ಒಂದೇ ಬಾಗಿಲಲ್ಲಿ ಓಡಬೇಕು ಎನ್ನಬಹುದು. ನಿಜ, ಬಾಗಿಲು ಒಂದೇ. ಒಳಗೆ?

ಒಳಗೆ ನೇಯ್ಗೆ ಖಾತೆಗೆ ಅಸ್ಪೃಶ್ಯರಿಗೆ ಪ್ರವೇಶವಿರಲಿಲ್ಲ. ಕೂಲಿ ಹೆಚ್ಚಿದ್ದುದು ಅಲ್ಲೇ. ನಮ್ಮವರ ಪಾಲಿಗಿದ್ದುದು ಹೆಚ್ಚಾಗಿ ರಿಂಗ್ ಖಾತೆ, ಕಡಿಮೆ ಕೂಲಿಯದು. ಕಾರಣ ಕೇಳಿದರೆ ಯಂತ್ರಯುಗದಲ್ಲಿ ಮನು ಹೇಗೆ ಕೂತಿರುತ್ತಾನೆ ಎಂದು ತಿಳಿಯುತ್ತದೆ. ಲಾಳಿಯೊಳಗಿನ ಕಂಡಿಕೆ ಮುಗಿದಾಗ ಹೊಸ ಕಂಡಿಕೆ ಹಾಕಿ, ಅದರ ದಾರವನ್ನು ಲಾಳಿಯ ಕಣ್ಣಿನಿಂದ ಬಾಯಲ್ಲಿ ಹೀರಿ ಎಳೆಯಬೇಕಿತ್ತು. ಮಹಾರನ ಎಂಜಲು ತಾಗಿದ ದಾರವನ್ನು, ಲಾಳಿಯನ್ನು ಸವರ್ಣ ಕೆಲಸಗಾರ ಮುಟ್ಟುವುದು ಹೇಗೆ? ಪುಣೆಯಲ್ಲಿ ನೆರಳು ಮಾಡಿದ ಕೆಲಸವನ್ನು ಮುಂಬಯಿಯಲ್ಲಿ ಎಂಜಲು ಮಾಡಿತು. ಲಾಳಿ ಇಂಗ್ಲೆಂಡಿನದು, ಹಣ ಶೇಟ್‌ಜಿಯದು, ಸಂಘ ಕೆಂಪು ಬಾವುಟದ್ದು. ಮಡಿ ಮಾತ್ರ ಹಳೆಯದೇ.

1928ರ ಏಪ್ರಿಲಿನಿಂದ ಅಕ್ಟೋಬರಿನವರೆಗೆ ಆರು ತಿಂಗಳು ನಡೆದ ಮಹಾಮುಷ್ಕರದಲ್ಲಿ ಅಂಬೇಡ್ಕರರು ಈ ಪ್ರಶ್ನೆ ಎತ್ತಿದರು. ನೇಯ್ಗೆ ಖಾತೆಗೆ ನಮ್ಮವರನ್ನು ಬಿಡಬೇಕೆಂಬುದನ್ನೂ ಬೇಡಿಕೆಯಾಗಿ ಸೇರಿಸಿ ಎಂದು ಮುಂದಾಳುಗಳ ಮೇಲೆ ಒತ್ತಡ ತಂದರು. ಹಾಗೆ ಒತ್ತಾಯಿಸಿ ಸೇರಿಸಬೇಕಾಯಿತು ಎಂಬುದೇ ಇಲ್ಲಿಯ ಪಾಠ. ಹತ್ತು ವರ್ಷದ ನಂತರ, 1938ರ ನವೆಂಬರ್ 7ರಂದು, ಕೈಗಾರಿಕಾ ವಿವಾದ ಮಸೂದೆಯ ವಿರುದ್ಧ ಅವರ ಸ್ವತಂತ್ರ ಕಾರ್ಮಿಕ ಪಕ್ಷ ಮತ್ತು ಕಮ್ಯುನಿಸ್ಟರು ಕೂಡಿ ಒಂದು ದಿನದ ಮುಷ್ಕರ ಮಾಡಿದರು. ಕೂಡಿ ನಡೆಯಲಾಗದು ಎಂದು ನಾನು ಹೇಳುತ್ತಿಲ್ಲ. ಆದರೆ ಒಂದೇ ಗಡಿಯಾರದ ಕೆಳಗೆ ನಿಂತ ಮಾತ್ರಕ್ಕೆ ಎಲ್ಲರ ಎಂಟು ಗಂಟೆಯೂ ಒಂದೇ ತೂಕದ್ದಾಗಿರುವುದಿಲ್ಲ.

8

ಗೋಪುರ ನಿಂತಿರುವುದು ವಿಶ್ವವಿದ್ಯಾಲಯದ ಗ್ರಂಥಾಲಯದ ತಲೆಯ ಮೇಲೆ. ಆ ಗ್ರಂಥಾಲಯದ ಮೆಟ್ಟಿಲಿಗೆ ಬರುವ ದಾರಿ ಎಷ್ಟು ಉದ್ದವಿತ್ತು?

ಅದರ ಒಂದು ತುದಿ ನಮ್ಮ ಧಾರವಾಡದಲ್ಲಿದೆ. 1856ರಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಲು ಬಂದ ಮಹಾರ ಹುಡುಗನೊಬ್ಬನನ್ನು ಹೊರಗಿಟ್ಟರು. ಅವನು ಮುಂಬಯಿ ಸರ್ಕಾರಕ್ಕೆ ಅರ್ಜಿ ಬರೆದ. ಒಬ್ಬನಿಗಾಗಿ ಉಳಿದೆಲ್ಲರಿಗೆ ಶಾಲೆ ಇಲ್ಲದಂತೆ ಮಾಡಲಾಗದು ಎಂಬ ಧಾಟಿಯ ಉತ್ತರ ಬಂತು. ಮರುವರ್ಷ, 1857ರಲ್ಲಿ, ಅದೇ ಸರ್ಕಾರದ ರಾಜಧಾನಿಯಲ್ಲಿ ವಿಶ್ವವಿದ್ಯಾಲಯ ತೆರೆಯಿತು. 1882ರಲ್ಲಿ ಫುಲೆ ಹಂಟರ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ, ಖಜಾನೆಗೆ ಬರುವುದು ರೈತನ ಬೆವರು, ಖರ್ಚಾಗುವುದು ಮೇಲಿನವರ ಮೇಲುಶಿಕ್ಷಣಕ್ಕೆ ಎಂದು ನೇರವಾಗಿ ಆಪಾದಿಸಿ, ಹನ್ನೆರಡು ವರ್ಷದವರೆಗೆ ಕಡ್ಡಾಯ ಶಿಕ್ಷಣ ಬೇಕೆಂದರು. ಗೋಪುರ ಮುಗಿದು ಆಗ ನಾಲ್ಕೇ ವರ್ಷ. ಗೋಪುರದ ಗಂಟೆ ಕೇಳಿಸಿದಷ್ಟು ಫುಲೆಯ ಮಾತು ಸರ್ಕಾರಕ್ಕೆ ಕೇಳಿಸಲಿಲ್ಲ.

ದಾರಿಯ ಇನ್ನೊಂದು ತುದಿ ಪರಳದ ಒಂದು ಕೋಣೆಯಲ್ಲಿದೆ. ಧನಂಜಯ ಕೀರ್ ಬರೆದ ಚರಿತ್ರೆಯಲ್ಲಿ ಈ ವಿವರ ಬರುತ್ತದೆ. ಇಡೀ ಕುಟುಂಬಕ್ಕೆ ಇದ್ದದ್ದು ಅದೊಂದೇ ಇಕ್ಕಟ್ಟಿನ ಕೋಣೆ. ಹುಡುಗ ಭೀಮ ಸಂಜೆಯೇ ಮಲಗುತ್ತಿದ್ದ. ತಂದೆ ರಾಮಜಿ ರಾತ್ರಿ ಎರಡರವರೆಗೆ ಎದ್ದು ಕೂತಿದ್ದು, ಮಗನನ್ನು ಓದಲು ಎಬ್ಬಿಸಿ, ಆಮೇಲೆ ತಾವು ಮಲಗುತ್ತಿದ್ದರು. ಊರಿಗೆಲ್ಲ ಕೇಳಲೆಂದು ಕಟ್ಟಿದ ಗಡಿಯಾರ ಅಲ್ಲಿತ್ತು. ಇಲ್ಲಿ ಒಬ್ಬ ನಿವೃತ್ತ ಸುಬೇದಾರ ತಾನೇ ಗಡಿಯಾರವಾಗಿ ಕೂತಿದ್ದ. ಜಾಗ ಇಲ್ಲದವರು ಹೊತ್ತನ್ನು ಹೀಗೆ ಹಂಚಿಕೊಂಡರು.

ಆ ಹುಡುಗ ಗೋಪುರಕ್ಕೆ ಕೂಗಳತೆಯಲ್ಲಿದ್ದ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಓದಿ 1912ರಲ್ಲಿ ಬಿ.ಎ. ಮುಗಿಸಿದ. ಕಾಲೇಜಿನ ಹೋಟೆಲಿನವನು ಅವನಿಗೆ ಚಹಾ, ನೀರು ಕೊಡುತ್ತಿರಲಿಲ್ಲ. ಗಂಟೆ ಎಲ್ಲರಿಗೂ ಕೇಳಿಸುತ್ತಿತ್ತು, ನೀರು ಎಲ್ಲರಿಗೂ ಸಿಗುತ್ತಿರಲಿಲ್ಲ. ಸದ್ದಿಗೆ ಮೈಲಿಗೆಯಿಲ್ಲ, ಅದಕ್ಕೇ ಅದು ಉಚಿತ.

1949ರಲ್ಲಿ ಕರ್ನಾಟಕ ವಿಶ್ವವಿದ್ಯಾಲಯ ಆಗುವವರೆಗೆ ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದವರಿಗೂ ಪದವಿ ಬರುತ್ತಿದ್ದುದು ಈ ಗೋಪುರದ ವಿಶ್ವವಿದ್ಯಾಲಯದಿಂದಲೇ. ಕನ್ನಡದ ಹಿರಿಯರ ಆತ್ಮಕಥೆಗಳಲ್ಲಿ ಮುಂಬಯಿ ಪರೀಕ್ಷೆಗಳ ನೆನಪು ಹೆಮ್ಮೆಯಿಂದ ಬರುತ್ತದೆ. ಇನ್ನೊಂದು ಮುಂಬಯಿ ಕನ್ನಡವೂ ಇತ್ತು. ಕರಾವಳಿಯಿಂದ ಹೋಗಿ ಹೋಟೆಲುಗಳಲ್ಲಿ ಲೋಟ ತೊಳೆಯುತ್ತಿದ್ದ ಹುಡುಗರು ಕೆಲಸ ಮುಗಿಸಿ ಕೋಟೆ ಭಾಗದ ಕನ್ನಡ ರಾತ್ರಿಶಾಲೆಗಳಿಗೆ ಓಡುತ್ತಿದ್ದರು. ಹಗಲು ಧಣಿಯದು, ರಾತ್ರಿಯ ಎರಡು ಗಂಟೆ ತಮ್ಮದು ಎಂದು ಹೊತ್ತನ್ನು ಕಿತ್ತುಕೊಂಡವರ ಪರಂಪರೆ ಅದು. ಆ ಹೋಟೆಲಿನ ಒಳಮನೆಯವರೆಗೆ ಹೋಗಲು ಯಾವ ಜಾತಿಯ ಹುಡುಗನಿಗೆ ಬಿಡುಗಡೆಯಿತ್ತು, ಯಾರು ಹಿತ್ತಿಲಲ್ಲೇ ನಿಲ್ಲಬೇಕಿತ್ತು ಎಂಬುದನ್ನೂ ಈ ಪರಂಪರೆಯ ಚರಿತ್ರೆ ಬರೆಯುವವರು ಕೇಳಬೇಕು. ಬೀದಿಯಲ್ಲಿ ಸಿಕ್ಕ ಅನಾಥ ಶಿಶುವಾಗಿ ಗಿರಣಿ ಕೆಲಸಗಾರನ ಮನೆಯಲ್ಲಿ ಬೆಳೆದ ಮರಾಠಿ ಕವಿ ನಾರಾಯಣ ಸುರ್ವೆ 1966ರ ತಮ್ಮ ಸಂಕಲನಕ್ಕೆ ‘ನನ್ನ ವಿಶ್ವವಿದ್ಯಾಲಯ’ ಎಂದು ಹೆಸರಿಟ್ಟಾಗ ಅವರು ತೋರಿಸಿದ್ದು ಈ ಗೋಪುರವನ್ನಲ್ಲ, ಬೀದಿಯನ್ನು.

9

ರಾತ್ರಿ ಎರಡಕ್ಕೆ ಎದ್ದು ಓದಿದ ಆ ಹುಡುಗ 1942ರಲ್ಲಿ ವೈಸರಾಯ್ ಕಾರ್ಯಕಾರಿ ಮಂಡಲಿಯ ಕಾರ್ಮಿಕ ಸದಸ್ಯನಾದ. ಹೊತ್ತಿನ ಚರಿತ್ರೆಯಲ್ಲಿ ಅವರ ಜಾಗ ಯಾವುದು ಎಂದು ಯಾರೂ ಕೇಳಿದ ಹಾಗಿಲ್ಲ. 1911ರ ಕಾಯಿದೆ ಹತ್ತಿಗಿರಣಿಯ ಗಂಡಸಿಗೆ ದಿನಕ್ಕೆ ಹನ್ನೆರಡು ಗಂಟೆಯ ಮಿತಿ ಹಾಕಿತ್ತು. 1922ರಲ್ಲಿ ಅದು ಹನ್ನೊಂದಾಯಿತು, ವಾರಕ್ಕೆ 60. 1934ರಲ್ಲಿ ಹತ್ತು, ವಾರಕ್ಕೆ 54. 1946ರಲ್ಲಿ ಬಾಬಾಸಾಹೇಬರು ತಂದ ತಿದ್ದುಪಡಿ ಅದನ್ನು ವಾರಕ್ಕೆ 48 ಗಂಟೆಗೆ ಇಳಿಸಿತು. ಮೂರು ಗಂಟೆಯ ನಂತರ ಊರೊಳಗೆ ಇರಬಾರದೆಂದು ಯಾರಿಗೆ ಹೇಳಿದ್ದರೋ ಅವರ ಮೊಮ್ಮಗ ಇಡೀ ದೇಶದ ಗಿರಣಿಗಳಿಗೆ ‘ಇಷ್ಟು ಹೊತ್ತಾದ ಮೇಲೆ ದುಡಿಸಬೇಡಿ’ ಎಂದು ಬರೆದುಕೊಟ್ಟರು. ಸವರ್ಣ ಕೆಲಸಗಾರನೂ ಆ ಅಂಚಿನೊಳಗೇ ಮನೆಗೆ ಹೋದ. ವತನ ಮಾತ್ರ ಅವರ ಕಣ್ಣೆದುರಿಗೆ ಹೋಗಲಿಲ್ಲ. ಅದನ್ನು ತೆಗೆದುಹಾಕುವ ಕಾಯಿದೆ ಬಂದದ್ದು 1958ರಲ್ಲಿ, ಅವರು ತೀರಿಕೊಂಡು ಎರಡು ವರ್ಷವಾದ ಮೇಲೆ.

1982ರ ಜನವರಿ 18ರಂದು ಶುರುವಾದ ಮುಷ್ಕರದ ನಂತರ ಮುಂಬಯಿಯ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಸುಮಾರು ಎರಡೂವರೆ ಲಕ್ಷ ಜನ ಬೀದಿಗೆ ಬಂದರು, ಭೋಂಗಾಗಳು ನಿಂತವು, ಗಿರಣಿ ನೆಲದ ಮೇಲೆ ಮಾಲ್‌ಗಳು ಎದ್ದವು. ಗೋಪುರವನ್ನು ಮಾತ್ರ 2015ರ ಹೊತ್ತಿಗೆ ದುರಸ್ತಿ ಮಾಡಿ ಬಣ್ಣದ ಗಾಜುಗಳನ್ನು ತೊಳೆದು ಹೊಸದು ಮಾಡಿದರು. ಒಳ್ಳೆಯದೇ. ಕಲ್ಲನ್ನು ಕಾಪಾಡಬೇಕು. ಆದರೆ ಗಿರಣಿಯ ಭೋಂಗಾ, ಲೋಖಂಡೆಯ ಅರ್ಜಿ, ರಿಂಗ್ ಖಾತೆಯ ಬೆವರು ಪರಂಪರೆಯಲ್ಲವೆ?

ಇದು ಹಳೆಯ ಕಥೆಯೆಂದು ಪುಸ್ತಕ ಮುಚ್ಚುವ ಹಾಗಿಲ್ಲ. 2023ರಲ್ಲಿ ನಮ್ಮ ಕರ್ನಾಟಕದ ಶಾಸನ ಸಭೆ, ವಾರದ 48 ಗಂಟೆಯ ಮಿತಿಯನ್ನು ಇಟ್ಟುಕೊಂಡೇ, ಕಾರ್ಖಾನೆಗಳಲ್ಲಿ ದಿನದ ದುಡಿಮೆಯನ್ನು ಹನ್ನೆರಡು ಗಂಟೆಯವರೆಗೆ ಹಿಗ್ಗಿಸಲು ದಾರಿಮಾಡುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು. ಹನ್ನೆರಡು ಅಂದರೆ 1911. ಈ ಸಂಖ್ಯೆಯನ್ನು ಕೆಳಗಿಳಿಸಲು ಎಷ್ಟು ವರ್ಷ ಹಿಡಿಯಿತು, ಯಾರು ಇಳಿಸಿದರು ಎಂಬುದು ಗೊತ್ತಿಲ್ಲದ ಜನಕ್ಕೆ ಅದು ಮತ್ತೆ ಮೇಲೇರಿದ್ದೂ ಗೊತ್ತಾಗುವುದಿಲ್ಲ. ಬೆಂಗಳೂರಿನಲ್ಲಿ ಬೆಳಕು ಹರಿಯುವ ಮೊದಲೇ ಪೊರಕೆ ಹಿಡಿದು ಬೀದಿಗಿಳಿಯುವವರು ಯಾರ ಮನೆಯ ಹೆಂಗಸರು ಎಂದು ನಮಗೆಲ್ಲ ಗೊತ್ತು. ಊರು ಕಣ್ಣುಬಿಡುವ ಮೊದಲು ಅವರು ಕೆಲಸ ಮುಗಿಸಿ ಕಣ್ಮರೆಯಾಗಬೇಕು. ಒಂಬತ್ತಕ್ಕೆ ಮೊದಲು ಊರೊಳಗೆ ಬರಬೇಡ ಎಂದಿತು ಪೇಶ್ವಾಯಿ. ಒಂಬತ್ತರೊಳಗೆ ಗುಡಿಸಿ ಮುಗಿಸು ಎನ್ನುತ್ತದೆ ಈ ಊರು. ಗಂಟೆ ಅದೇ, ಮೈಯೂ ಅದೇ.

ನಮ್ಮ ವಿಮರ್ಶೆ ಇಲ್ಲಿಯವರೆಗೆ ಭಾಷೆ, ಪ್ರತಿಮೆ, ಪುರಾಣ, ಅನ್ನ, ನೀರು, ಭೂಮಿ ಇವನ್ನೆಲ್ಲ ಪ್ರಶ್ನಿಸಿದೆ. ಹೊತ್ತನ್ನೂ ಪ್ರಶ್ನಿಸಬೇಕು. ನಮ್ಮ ಕಥೆ, ಕಾದಂಬರಿ, ಆತ್ಮಕಥೆಗಳಲ್ಲಿ ಯಾರು ಎಷ್ಟು ಹೊತ್ತಿಗೆ ಏಳುತ್ತಾರೆ, ಯಾರು ಯಾರಿಗಾಗಿ ಕಾಯುತ್ತಾರೆ, ಧಣಿಯ ಜಗಲಿಯ ಕೆಳಗೆ ಎಷ್ಟು ಹೊತ್ತು ನಿಲ್ಲುತ್ತಾರೆ, ನೀರಿಗೆ ಸರದಿ ಬರುವುದು ಯಾವಾಗ, ಓದಲು ಸಿಕ್ಕ ಹೊತ್ತು ಯಾವುದು ಎಂದು ಗುರುತು ಹಾಕುತ್ತಾ ಹೋದರೆ ಬೇರೆಯೇ ಚರಿತ್ರೆ ಎದ್ದು ಬರುತ್ತದೆ. ವಿದ್ಯಾರ್ಥಿ ಗೆಳೆಯರು ಈ ಕೆಲಸವನ್ನು ತಮ್ಮ ಊರಿನಿಂದಲೇ ಶುರುಮಾಡಬಹುದು. ಅದಕ್ಕೆ ಮುಂಬಯಿಗೆ ಹೋಗಬೇಕಾಗಿಲ್ಲ. ಮನೆಯಲ್ಲಿರುವ ಅವ್ವನನ್ನು, ಅಜ್ಜಿಯನ್ನು ‘ನೀವು ಎಷ್ಟು ಗಂಟೆಗೆ ಏಳ್ತಿದ್ರಿ, ಯಾರು ಕರೀತಿದ್ರು?’ ಎಂದು ಕೇಳಿದರೆ ಸಾಕು.